ದ್ರಾಕ್ಷಿಯ ದಾರಿಯಲ್ಲಿ: ಅಲ್ಸಾಸ್ ನಾಡಿನ ಸಂಚಾರ

ದ್ರಾಕ್ಷಾರಸದ ನಾಡು ಎಂಬ ಮಾತು ಕಿವಿಗೆ ಬಿದ್ದೊಡನೆ ನಮ್ಮ ಸಮಾಜದ ಹಿರಿಯರು ಹುಬ್ಬು ಗಂಟಿಕ್ಕುವುದು ಸಹಜ. ಇಷ್ಟಲಿಂಗವನ್ನು ಎದೆಯ ಮೇಲೆ ಧರಿಸಿದವರಿಗೆ ಮದ್ಯದ ಊರುಗಳಲ್ಲಿ ಏನು ಕೆಲಸ ಎಂಬ ಪ್ರಶ್ನೆ ನ್ಯಾಯವಾದುದೇ. ಆದರೆ ಈಚಿನ ವರ್ಷಗಳಲ್ಲಿ ನಮ್ಮ ಅನೇಕ ಮನೆಗಳ ಮಕ್ಕಳು ಉದ್ಯೋಗ ನಿಮಿತ್ತವಾಗಿ ಜರ್ಮನಿಯ ಸ್ಟುಟ್‌ಗಾರ್ಟ್, ಫ್ರಾಂಕ್‌ಫರ್ಟ್ ಮುಂತಾದ ನಗರಗಳಲ್ಲಿ ನೆಲೆಸಿದ್ದಾರೆ. ತಂದೆತಾಯಿಗಳು ಮೊಮ್ಮಕ್ಕಳನ್ನು ಕಾಣಲು ಹೋದಾಗ, ಗಡಿಯಾಚೆಯ ಫ್ರಾನ್ಸಿನಲ್ಲಿರುವ ಅಲ್ಸಾಸ್ ಪ್ರಾಂತ್ಯದ ದ್ರಾಕ್ಷಿ ಮಾರ್ಗಕ್ಕೆ ಅವರನ್ನು ಕಾರಿನಲ್ಲಿ ಕರೆದೊಯ್ಯುವುದು ಆ ಮಕ್ಕಳಿಗೆ ರೂಢಿಯಾಗಿದೆ. ಹೋಗಬಹುದೋ ಹೋಗಬಾರದೋ ಎಂದು ನಮ್ಮನ್ನು ಕೇಳಿದವರು ಒಬ್ಬಿಬ್ಬರಲ್ಲ. ವಿಜಯಪುರ ಸೀಮೆಯಿಂದ ಹೋಗಿ ಸ್ಟುಟ್‌ಗಾರ್ಟಿನಲ್ಲಿ ನೆಲೆಸಿದ ಇಂಥದೊಂದು ಕುಟುಂಬದೊಡನೆ ನಾವೂ ಆ ದಾರಿಯನ್ನು ಮೂರು ದಿನಗಳಲ್ಲಿ ಕ್ರಮಿಸಿ ಬಂದಿದ್ದೇವೆ. ಹೋಗಬಹುದು ಎಂಬುದು ನಮ್ಮ ಉತ್ತರ. ಹೋದವರು ಅಲ್ಲಿ ಏನನ್ನು ನೋಡಬೇಕು ಎಂಬುದನ್ನು ಕುರಿತು ಈ ಲೇಖನ.

ಹೆಂಡದ ಮಾರಯ್ಯನೆಂಬ ಶರಣನು ಹೆಂಡದಂಗಡಿಯಲ್ಲಿ ಕುಳಿತೇ ಕುಡಿಯಬಂದವರಿಗೆ ಕುಡಿತದ ಕೇಡನ್ನು ಬೋಧಿಸುತ್ತಿದ್ದನೆಂದು ಪರಂಪರೆ ಹೇಳುತ್ತದೆ. ಅಂಗಡಿಯಲ್ಲಿ ಕುಳಿತವನಿಗೇ ಅಂಟದ ದೋಷ ತೋಟದ ಬದಿಯಲ್ಲಿ ಸಾಗುವವನಿಗೆ ಅಂಟೀತೆ?

ಅಲ್ಸಾಸ್ ಎಂಬುದು ಪಶ್ಚಿಮಕ್ಕೆ ವೋಜ್ ಪರ್ವತಶ್ರೇಣಿ, ಪೂರ್ವಕ್ಕೆ ರೈನ್ ನದಿ ಇವೆರಡರ ನಡುವೆ ಉತ್ತರ ದಕ್ಷಿಣವಾಗಿ ಚಾಚಿದ ಕಿರಿದಾದ ನಾಡು. ಅಟ್ಲಾಂಟಿಕ್ ಸಾಗರದ ಕಡೆಯಿಂದ ಬರುವ ಮೋಡಗಳನ್ನು ವೋಜ್ ಪರ್ವತವು ತಡೆದು ತನ್ನ ಪಶ್ಚಿಮದ ಮಗ್ಗುಲಲ್ಲಿಯೇ ಮಳೆ ಸುರಿಸಿಕೊಳ್ಳುತ್ತದೆ. ಆದುದರಿಂದ ಪೂರ್ವದ ಇಳಿಜಾರಿನಲ್ಲಿರುವ ಕೋಲ್ಮಾರ್ ಪಟ್ಟಣವು ಫ್ರಾನ್ಸಿನ ಅತ್ಯಂತ ಒಣ ಪಟ್ಟಣಗಳಲ್ಲೊಂದು. ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ. ನಮ್ಮ ವಿಜಯಪುರದ ಮಳೆಯೂ ಹೆಚ್ಚುಕಡಿಮೆ ಇಷ್ಟೇ. ಸಹ್ಯಾದ್ರಿಯ ಮರೆಯಲ್ಲಿ ಬಯಲುಸೀಮೆ ಹೇಗೋ ವೋಜ್ ಪರ್ವತದ ಮರೆಯಲ್ಲಿ ಅಲ್ಸಾಸ್ ಹಾಗೆ. ಬಿಸಿಲು ಬೀಳುವ ಆ ಇಳಿಜಾರಿನ ಬುಡದಲ್ಲಿ ಉತ್ತರದ ಮಾರ್ಲೆನ್‌ಹೈಮ್‌ನಿಂದ ದಕ್ಷಿಣದ ತಾನ್ ಊರಿನವರೆಗೆ ಸುಮಾರು 170 ಕಿಲೋಮೀಟರ್ ದೂರ ಹಳ್ಳಿಯಿಂದ ಹಳ್ಳಿಗೆ ಸುತ್ತುತ್ತ ಸಾಗುವ ರಸ್ತೆಯನ್ನು 1953ರಲ್ಲಿ ‘ದ್ರಾಕ್ಷಾರಸ ಮಾರ್ಗ’ವೆಂದು ಗುರುತಿಸಿ ಪ್ರವಾಸಿಗರಿಗೆ ತೆರೆದರು. ಒಂದೇ ದಿನದಲ್ಲಿ ಓಡಿಸಿಬಿಡಬಹುದಾದ ದೂರವದು. ಹಾಗೆ ಓಡಿಸಿದವರು ರಸ್ತೆಯನ್ನು ಕಂಡಾರೇ ಹೊರತು ನಾಡನ್ನು ಕಾಣಲಾರರು.

ಈ ನಾಡಿನ ಹಳ್ಳಿಗಳನ್ನು ಪ್ರವೇಶಿಸುವ ಮುನ್ನ ಓದುಗರು ಒಂದು ಸಂಗತಿಯನ್ನು ಮನಸ್ಸಿನಲ್ಲಿ ಇರಿಸಿಕೊಳ್ಳಬೇಕು. ಫ್ರಾನ್ಸಿಗೆ ಸೇರಿದ್ದ ಅಲ್ಸಾಸ್ 1871ರ ಯುದ್ಧಾನಂತರ ಜರ್ಮನಿಯ ಪಾಲಾಯಿತು. 1918ರಲ್ಲಿ ಪುನಃ ಫ್ರಾನ್ಸಿಗೆ ಬಂದಿತು. 1940ರಲ್ಲಿ ಹಿಟ್ಲರನ ಜರ್ಮನಿ ಅದನ್ನು ಕಸಿದುಕೊಂಡಿತು. 1944-45ರಲ್ಲಿ ಮತ್ತೆ ಫ್ರಾನ್ಸಿನದಾಯಿತು. 1870ಕ್ಕೆ ಮುನ್ನ ಹುಟ್ಟಿ ಎಪ್ಪತ್ತೈದು ವರ್ಷ ಬದುಕಿದ ಒಬ್ಬ ಒಕ್ಕಲಿಗನು ತನ್ನ ಮನೆಯ ಹೊಸ್ತಿಲನ್ನು ದಾಟದೆಯೇ ನಾಲ್ಕು ಬಾರಿ ತನ್ನ ದೇಶವನ್ನು ಬದಲಿಸಿದನು! ದೇಶ ಬದಲಾದಾಗಲೆಲ್ಲ ಶಾಲೆಯ ಭಾಷೆ, ಕಚೇರಿಯ ಭಾಷೆ, ಬೀದಿಯ ಹೆಸರು ಬದಲಾದವು. ಜನರ ಮನೆಮಾತು ಜರ್ಮನ್ ಭಾಷೆಯ ಒಂದು ಪ್ರಭೇದವಾದ ಅಲ್ಸೇಶನ್. ಹಿಟ್ಲರನ ಕಾಲದಲ್ಲಿ ಫ್ರೆಂಚ್ ಆಡುವುದು ಅಪರಾಧವಾಗಿತ್ತು. 1945ರ ಅನಂತರ ಶಾಲೆಗಳಲ್ಲಿ ಜರ್ಮನ್ನಿಗೂ ಮನೆಮಾತಿಗೂ ಇಂಬಿಲ್ಲದಂತಾಯಿತು. ಇಂದು ಅಜ್ಜ ಅಜ್ಜಿಯರು ಆ ಮಾತನ್ನಾಡುತ್ತಾರೆ, ಮೊಮ್ಮಕ್ಕಳಲ್ಲಿ ಬಲ್ಲವರು ವಿರಳ. ಬೀದಿಯ ಫಲಕಗಳ ಮೇಲೆ ಫ್ರೆಂಚಿನ ಕೆಳಗೆ ಅಲ್ಸೇಶನ್ ಹೆಸರನ್ನೂ ಬರೆದಿರುವ ಊರುಗಳನ್ನು ನಾವು ಕಂಡೆವು. ಫಲಕಕ್ಕೆ ಏರಿದ ಮಾತು ನಾಲಗೆಯಿಂದ ಇಳಿದುಹೋಗುತ್ತಿದೆ. 1956ಕ್ಕೆ ಮುನ್ನ ಮುಂಬಯಿ, ಹೈದರಾಬಾದು, ಮದರಾಸು, ಮೈಸೂರು, ಕೊಡಗು ಎಂದು ಹರಿದು ಹಂಚಿಹೋಗಿದ್ದ ನಮಗೆ, ಇಂದಿಗೂ ಸೊಲ್ಲಾಪುರ ಅಕ್ಕಲಕೋಟೆಗಳಲ್ಲಿ ಮನೆಯೊಳಗೆ ಕನ್ನಡ ಹೊರಗೆ ಮರಾಠಿ ಎಂದು ಬಾಳುತ್ತಿರುವ ನಮ್ಮ ಬಂಧುಗಳಿಗೆ, ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಪ್ರಾಂತ್ಯದ ರಾಜಧಾನಿ ಸ್ಟ್ರಾಸ್‌ಬರ್ಗ್. 142 ಮೀಟರ್ ಎತ್ತರದ ಒಂಟಿ ಶಿಖರದ ಅಲ್ಲಿನ ಮಹಾದೇವಾಲಯವು 1647ರಿಂದ 1874ರವರೆಗೆ ಜಗತ್ತಿನಲ್ಲಿಯೇ ಅತ್ಯುನ್ನತ ಕಟ್ಟಡವಾಗಿತ್ತು. ಪ್ರವಾಸಿ ಕೈಪಿಡಿಗಳು ಇದನ್ನೆಲ್ಲ ವಿಸ್ತಾರವಾಗಿ ಹೇಳುತ್ತವೆ. ಕೈಪಿಡಿಗಳು ಹೇಳದ ಒಂದು ಮಾತನ್ನು ನಾವು ಸೇರಿಸುತ್ತೇವೆ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಇಲ್ಲಿಯ ವಿಶ್ವವಿದ್ಯಾಲಯದಲ್ಲಿ ಎರ್ನ್ಸ್ಟ್ ಲಾಯ್ಮಾನ್ ಎಂಬ ಪಂಡಿತರು ಸಂಸ್ಕೃತ ಪ್ರಾಕೃತಗಳನ್ನು ಬೋಧಿಸುತ್ತಿದ್ದರು. ಅವರ ಆಸಕ್ತಿಯ ಫಲವಾಗಿ ಭಾರತದ ಜೈನ ಹಸ್ತಪ್ರತಿಗಳ ಒಂದು ಅಮೂಲ್ಯ ಸಂಗ್ರಹ ಇಲ್ಲಿಯ ಗ್ರಂಥಾಲಯದಲ್ಲಿ ನೆಲೆಗೊಂಡಿತು. ದಿಗಂಬರ ಪಂಥದ ಗ್ರಂಥಗಳೂ ಅದರಲ್ಲಿ ಸೇರಿವೆ.

ಅದೇ ನಗರದ ಹಳೆಯ ಗ್ರಂಥಾಲಯದ ಕಥೆ ಬೇರೆ, ಅದು ದುಃಖದ ಕಥೆ. ಅದನ್ನು ಹೇಳಲು ದ್ರಾಕ್ಷಿ ಮಾರ್ಗದಿಂದ ಸ್ವಲ್ಪ ಮೇಲಕ್ಕೆ, ಸಂತ ಓಡಿಲ್‌ಳ ಬೆಟ್ಟಕ್ಕೆ ಏರಬೇಕು. ಮಾರ್ಲೆನ್‌ಹೈಮ್ ಬಿಟ್ಟು ಒಬೆರ್ನೆ ಪಟ್ಟಣವನ್ನು ದಾಟಿದ ಮೇಲೆ ರಸ್ತೆ ಪೈನ್ ಮರಗಳ ಕಾಡಿನೊಳಗೆ ಸುತ್ತಿ ಸುತ್ತಿ ಏರುತ್ತದೆ. ಸುಮಾರು 760 ಮೀಟರ್ ಎತ್ತರದ ಬಂಡೆಯ ನೆತ್ತಿಯ ಮೇಲೆ ಮಠವಿದೆ. ಕುರುಡಿಯಾಗಿ ಹುಟ್ಟಿದ್ದರಿಂದ ತಂದೆಯಿಂದಲೇ ತಿರಸ್ಕೃತಳಾದ ರಾಜಪುತ್ರಿಯೊಬ್ಬಳು ದೀಕ್ಷಾಸ್ನಾನದ ಹೊತ್ತಿನಲ್ಲಿ ಕಣ್ಣು ಪಡೆದು, ಮುಂದೆ ಈ ಬೆಟ್ಟದ ಮೇಲೆ ಸ್ತ್ರೀಯರ ಮಠವನ್ನು ಕಟ್ಟಿದಳೆಂದು ಅಲ್ಲಿನ ಐತಿಹ್ಯ. ಬಂಡೆಯ ಕೆಳಗೆ ಜಿನುಗುವ ನೀರನ್ನು ಜನ ಇಂದಿಗೂ ಕಣ್ಣಿಗೆ ಹಚ್ಚಿಕೊಳ್ಳುತ್ತಾರೆ. 1931ರಿಂದ ಈ ಮಠದಲ್ಲಿ ಹಗಲಿರುಳು ಒಬ್ಬರಲ್ಲ ಒಬ್ಬರು ಪ್ರಾರ್ಥನೆಯಲ್ಲಿ ಕುಳಿತಿರುವಂತೆ ಊರೂರಿನ ಭಕ್ತರು ಪಾಳಿಯ ಮೇಲೆ ಬಂದು ಸೇವೆ ಸಲ್ಲಿಸುತ್ತಾರೆ. ಸಪ್ತಾಹದ ಅಖಂಡ ಭಜನೆಯನ್ನು ಕಂಡ ನಮ್ಮವರಿಗೆ ಇದು ಅಪರಿಚಿತವೆನಿಸದು.

ಈ ಬೆಟ್ಟದ ಮೇಲೆ, ಕಲ್ಯಾಣದಲ್ಲಿ ಅನುಭವ ಮಂಟಪವು ನೆರೆದಿದ್ದ ಅದೇ ಹನ್ನೆರಡನೆಯ ಶತಮಾನದ ಉತ್ತರಾರ್ಧದಲ್ಲಿ, ಹೆರ್ರಾಡ್ ಎಂಬ ಮಠಾಧಿಕಾರಿಣಿ ತನ್ನ ಆಶ್ರಮದ ಸ್ತ್ರೀಯರಿಗಾಗಿ ಒಂದು ಮಹಾಗ್ರಂಥವನ್ನು ಸಂಕಲಿಸಿದಳು. ‘ಆನಂದದ ಉದ್ಯಾನ’ ಎಂಬರ್ಥದ ಲ್ಯಾಟಿನ್ ಹೆಸರಿನ ಆ ಗ್ರಂಥದಲ್ಲಿ ಧರ್ಮ, ಚರಿತ್ರೆ, ಖಗೋಳ, ಗೀತ ಎಲ್ಲವೂ ಇದ್ದವು. ಮುನ್ನೂರಕ್ಕೂ ಮಿಕ್ಕ ವರ್ಣಚಿತ್ರಗಳಿದ್ದವು. ಏಳು ಶತಮಾನಗಳ ಕಾಲ ಬೆಂಕಿ, ದರೋಡೆ, ಕ್ರಾಂತಿಗಳನ್ನು ದಾಟಿ ಉಳಿದು ಅದು ಸ್ಟ್ರಾಸ್‌ಬರ್ಗಿನ ಗ್ರಂಥಾಲಯವನ್ನು ಸೇರಿತ್ತು. 1870ರ ಆಗಸ್ಟಿನಲ್ಲಿ ಜರ್ಮನ್ ಸೈನ್ಯ ನಗರಕ್ಕೆ ಮುತ್ತಿಗೆ ಹಾಕಿ ಫಿರಂಗಿ ಹಾರಿಸಿದಾಗ ಒಂದೇ ರಾತ್ರಿಯಲ್ಲಿ ಗ್ರಂಥಾಲಯದೊಡನೆ ಸುಟ್ಟು ಬೂದಿಯಾಯಿತು. ಅದಕ್ಕೆ ಮುನ್ನ ಕೆಲವು ವಿದ್ವಾಂಸರು ಕುತೂಹಲದಿಂದ ಪ್ರತಿಮಾಡಿಕೊಂಡಿದ್ದ ಚಿತ್ರಗಳೂ ಬರಹದ ಭಾಗಗಳೂ ಮಾತ್ರ ಇಂದು ಉಳಿದಿವೆ.

ಇದನ್ನು ಕೇಳಿದಾಗ ನಮಗೆ ಡಾ. ಫ. ಗು. ಹಳಕಟ್ಟಿಯವರ ನೆನಪಾಯಿತು. ಊರೂರು ಅಲೆದು, ಮನೆಮನೆಯ ಜಗಲಿಯ ಮೇಲೆ ಪೂಜೆಗೊಳ್ಳುತ್ತಿದ್ದ ತಾಡೋಲೆಗಳನ್ನು ಬೇಡಿ ತಂದು, ಪ್ರತಿಮಾಡಿಸಿ, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಅಚ್ಚು ಹಾಕಿಸಿದ, 1925ರಲ್ಲಿ ವಿಜಯಪುರದಲ್ಲಿ ಹಿತಚಿಂತಕ ಮುದ್ರಣಾಲಯವನ್ನು ತೆರೆದ ಆ ಮಹನೀಯರು ಆ ಶ್ರಮವನ್ನು ವಹಿಸದಿದ್ದರೆ ನಮ್ಮ ವಾಙ್ಮಯದಲ್ಲಿ ಎಷ್ಟು ಪಾಲು ಗೆದ್ದಲಿನ ಬಾಯಿಗೆ ಹೋಗುತ್ತಿತ್ತೋ! ಹೆರ್ರಾಡಳ ಗ್ರಂಥವನ್ನೂ ನಮ್ಮ ಶರಣೆಯರ ವಚನಗಳನ್ನೂ ಸಮವೆಂದು ತೂಗುವುದು ನಮ್ಮ ಉದ್ದೇಶವಲ್ಲ. ಆಕೆ ಬರೆಸಿದ್ದು ಪಂಡಿತರ ಲ್ಯಾಟಿನ್ನಿನಲ್ಲಿ, ಮಠದ ಗೋಡೆಯೊಳಗಿನ ಕೆಲವರಿಗಾಗಿ. ಅಕ್ಕಮಹಾದೇವಿ, ಮುಕ್ತಾಯಕ್ಕ, ಆಯ್ದಕ್ಕಿ ಲಕ್ಕಮ್ಮ ನುಡಿದದ್ದು ಎಲ್ಲರಿಗೂ ತಿಳಿಯುವ ಕನ್ನಡದಲ್ಲಿ. ಆದರೆ ಜ್ಞಾನವು ಸ್ತ್ರೀಯರ ಸೊತ್ತೂ ಹೌದೆಂದು ಒಂದೇ ಶತಮಾನದಲ್ಲಿ ಭೂಮಂಡಲದ ಎರಡು ಕಡೆ ಸಾರಿದವರಿದ್ದರೆಂಬುದು ನಮ್ಮ ಹೆಣ್ಣುಮಕ್ಕಳು ತಿಳಿದಿರಬೇಕಾದ ಸಂಗತಿ.

ಬೆಟ್ಟವಿಳಿದು ದಕ್ಷಿಣಕ್ಕೆ ಸಾಗಿದರೆ ರಸ್ತೆಯ ಎರಡೂ ಬದಿಗೆ ದ್ರಾಕ್ಷಿಯೇ ದ್ರಾಕ್ಷಿ. ನಾವು ಹೋದದ್ದು ಸೆಪ್ಟೆಂಬರಿನ ಕೊಯ್ಲಿನ ದಿನಗಳಲ್ಲಿ. ಆಗ ತೋಟದೊಳಗಿನ ಕಾಲುದಾರಿಗಳನ್ನು ಹೊರಗಿನವರಿಗೆ ಮುಚ್ಚಿರುತ್ತಾರೆ. ಬದುವಿನಲ್ಲಿ ನಿಂತು ನೋಡಬೇಕು. ನಮ್ಮೊಡನೆ ಬಂದಿದ್ದ ಆ ಮನೆಯ ತಾಯಿಯವರು ವಿಜಯಪುರದ ಕಡೆ ಎರಡೆಕರೆ ದ್ರಾಕ್ಷಿ ಪಡವನ್ನು ತಾವೇ ನಿಂತು ನೋಡಿಕೊಂಡವರು. ಮದ್ಯದ ಊರೆಂದು ಹಿಂದಿನ ದಿನ ಬರಲೊಲ್ಲೆನೆಂದಿದ್ದವರು, ಬಳ್ಳಿಯ ಸಾಲನ್ನು ಕಂಡೊಡನೆ ಕಾರನ್ನು ನಿಲ್ಲಿಸಹೇಳಿ ಇಳಿದರು. ಬಳ್ಳಿಯ ಬುಡದ ದಪ್ಪವನ್ನು ದಿಟ್ಟಿಸಿ ನೋಡಿ, “ಗುರುಗಳ್ರೀ, ಇದು ಏನಿಲ್ಲಂದ್ರೂ ನಲವತ್ತು ವರ್ಸದ ಬಳ್ಳಿ. ನಮ್ಮಲ್ಲಿ ಹದಿನೈದಕ್ಕ ಕಿತ್ತು ಒಗೀತೇವಿ” ಎಂದರು. ಕಸಿ ಕಟ್ಟಿದ ಗಂಟನ್ನು ಕಂಡು ಮಗನನ್ನು ಕೇಳಿದರು: “ತಮ್ಮಾ, ಇವರೂ ಡಾಗ್ರಿಜ್ ಮ್ಯಾಲ ಕಟ್ಯಾರೇನು?”

ಪ್ರಶ್ನೆ ಉಚಿತವಾದುದು. ಹತ್ತೊಂಬತ್ತನೆಯ ಶತಮಾನದಲ್ಲಿ ಅಮೆರಿಕದಿಂದ ಬಂದ ಬೇರಿನ ಹೇನೊಂದು ಯುರೋಪಿನ ದ್ರಾಕ್ಷಿಯನ್ನು ಹೇಳಹೆಸರಿಲ್ಲದಂತೆ ಮಾಡಿದಾಗ, ಆ ಕೀಟವನ್ನು ತಾಳಬಲ್ಲ ಅಮೆರಿಕದ ಕಾಡುದ್ರಾಕ್ಷಿಯ ಬೇರಿನ ಮೇಲೆ ತಮ್ಮ ತಳಿಗಳನ್ನು ಕಸಿಮಾಡಿ ಅವರು ಬದುಕಿಕೊಂಡರು. ನಮ್ಮ ರೈತರು ಉಪ್ಪುನೀರು, ಬರ ಇವನ್ನು ತಾಳಲೆಂದು ಬಳಸುವ ಡಾಗ್ರಿಜ್ ಬೇರೂ ಅಮೆರಿಕದ್ದೇ. ಆದರೆ ಬೇಸಾಯದ ಕ್ರಮ ಬೇರೆ. ನಮ್ಮಲ್ಲಿ ಏಪ್ರಿಲಿಗೊಮ್ಮೆ ಅಕ್ಟೋಬರಿಗೊಮ್ಮೆ ಎರಡು ಚಾಟಣಿ. ಬೇಸಿಗೆಯ ಮೊದಲಿಗೆ ಕೊಯ್ಲು. ಒಣದ್ರಾಕ್ಷಿಯಾಗಿ ಮಾರುವುದು ಹೆಚ್ಚು. ಅಲ್ಲಿ ಬಳ್ಳಿ ಚಳಿಗಾಲದಲ್ಲಿ ಎಲೆಯುದುರಿಸಿ ಮಲಗುತ್ತದೆ. ಹಿಮದ ದಿನಗಳಲ್ಲಿ ಒಂದು ಚಾಟಣಿ. ವರ್ಷಕ್ಕೆ ಒಂದೇ ಬೆಳೆ. ಕಡಿದಾದ ಇಳಿಜಾರುಗಳಲ್ಲಿ ಯಂತ್ರ ಏರದು. ಕತ್ತರಿ ಹಿಡಿದ ಕೂಲಿಯವರು ಬೆನ್ನು ಬಗ್ಗಿಸಿ ಗೊನೆಗೊನೆಯನ್ನು ಕೊಯ್ದು ಬುಟ್ಟಿಗೆ ಹಾಕುತ್ತಿದ್ದರು. ಮಧ್ಯಯುಗದಲ್ಲಿ ಈ ತೋಟಗಳಲ್ಲಿ ಬಹುಪಾಲು ಮಠಗಳಿಗೆ ಸೇರಿದ್ದವು. ಪ್ರಾರ್ಥನೆಯೊಡನೆ ಮೈಮುರಿದ ದುಡಿಮೆಯೂ ಬೆನೆಡಿಕ್ಟ್ ಪಂಥದ ಸಂನ್ಯಾಸಿಗಳಿಗೆ ವಿಧಿ. ಆ ದುಡಿಮೆಯನ್ನು ನಾವು ಗೌರವಿಸುತ್ತೇವೆ. ದುಡಿಮೆಯ ಫಲವು ಯಾವ ಬಟ್ಟಲನ್ನು ಸೇರುತ್ತದೆಂಬಲ್ಲಿ ನಮ್ಮ ದಾರಿಯೂ ಅವರ ದಾರಿಯೂ ಕವಲೊಡೆಯುತ್ತವೆ.

ಮುಂದೆ ಬಯಲಿನಲ್ಲಿ ಸೆಲೆಸ್ಟಾ ಎಂಬ ಪಟ್ಟಣ. ಪ್ರವಾಸಿಗರು ಸಾಮಾನ್ಯವಾಗಿ ಇದನ್ನು ಬಿಟ್ಟು ಮುಂದೆ ಹೋಗುತ್ತಾರೆ. ನಮ್ಮ ಅಭಿಪ್ರಾಯದಲ್ಲಿ ಬಿಡಕೂಡದು. ಬೀಟಸ್ ರೆನಾನಸ್ ಎಂಬ ವಿದ್ವಾಂಸನು 1547ರಲ್ಲಿ ಕಣ್ಮುಚ್ಚುವಾಗ, ಬಾಳೆಲ್ಲ ಕೂಡಿಸಿದ ತನ್ನ ಪುಸ್ತಕಗಳನ್ನು ಹುಟ್ಟಿದ ಈ ಊರಿಗೆ ಬಿಟ್ಟುಹೋದನು. ಸುಮಾರು ಐದು ಶತಮಾನಗಳ ಯುದ್ಧಗಳ ನಡುವೆಯೂ ಆ ಸಂಗ್ರಹ ಚದುರದೆ ಉಳಿದಿದೆ. 2011ರಲ್ಲಿ ಯುನೆಸ್ಕೋ ಸಂಸ್ಥೆಯು ಅದನ್ನು ವಿಶ್ವಸ್ಮೃತಿಯ ದಾಖಲೆಗಳಲ್ಲಿ ಸೇರಿಸಿತು. ಸ್ಟ್ರಾಸ್‌ಬರ್ಗಿನ ಬೂದಿಯ ಕಥೆಯನ್ನು ಕೇಳಿ ಬಂದವರಿಗೆ ಈ ಗ್ರಂಥಾಲಯದ ಬಾಗಿಲಲ್ಲಿ ನಿಂತಾಗ ಮನಸ್ಸಿಗೆ ಒಂದು ಸಮಾಧಾನ.

ಮೇಲಿನ ಗುಡ್ಡದ ಓ-ಕೇನಿಗ್ಸ್‌ಬುರ್ಗ್ ಕೋಟೆ 1633ರಲ್ಲಿ ಹಾಳಾಗಿದ್ದುದನ್ನು ಜರ್ಮನ್ ಚಕ್ರವರ್ತಿ ಎರಡನೆಯ ವಿಲ್ಹೆಲ್ಮನು 1900-1908ರಲ್ಲಿ ಪುನಃ ಕಟ್ಟಿಸಿದನು. ಈ ನಾಡು ಜರ್ಮನಿಯದೆಂದು ಸಾರುವುದೇ ಉದ್ದೇಶ. ಹತ್ತು ವರ್ಷಗಳಲ್ಲಿ ನಾಡು ಕೈಬಿಟ್ಟಿತು. ಮಕ್ಕಳಿಗೆ ಕೋಟೆ ಮೆಚ್ಚುಗೆಯಾಗುತ್ತದೆ.

ಹುನಾವೀರ್ ಎಂಬ ಪುಟ್ಟ ಹಳ್ಳಿಯಲ್ಲಿ ದ್ರಾಕ್ಷಿ ತೋಟದ ನಡುವೆ ಕೋಟೆಗೋಡೆಯಿರುವ ಚರ್ಚೊಂದಿದೆ. ಹದಿನೇಳನೆಯ ಶತಮಾನದಿಂದ ಕ್ಯಾಥೊಲಿಕರೂ ಪ್ರಾಟೆಸ್ಟಂಟರೂ ಈ ಒಂದೇ ಕಟ್ಟಡವನ್ನು ಸರದಿಯ ಮೇಲೆ ಬಳಸುತ್ತಾರೆ. ಮೊದಲಿಗೆ ಇದು ಪ್ರೀತಿಯಿಂದಾದ ಏರ್ಪಾಡಲ್ಲ, ರಾಜಾಜ್ಞೆಯಿಂದಾದದ್ದು. ಆದರೆ ಕಾಲಾಂತರದಲ್ಲಿ ರೂಢಿಯಾಗಿ ಒಗ್ಗಿಹೋಯಿತು. ಒಂದೇ ಗುರುವಿನ ಹೆಸರು ಹೇಳಿಕೊಂಡು ಎರಡು ಸಭಾಭವನ ಕಟ್ಟುವ ನಮ್ಮ ಕೆಲವು ಊರುಗಳ ಪ್ರಮುಖರು ಇದನ್ನು ಹೋಗಿ ನೋಡಿ ಬಂದರೆ ಒಳ್ಳೆಯದು. ಇದೇ ಹಳ್ಳಿಯಲ್ಲಿ ಬಿಳಿ ಕೊಕ್ಕರೆಗಳನ್ನು ಉಳಿಸುವ ಕೇಂದ್ರವಿದೆ. ಅಲ್ಸಾಸಿನ ಮನೆಗಳ ಧೂಮನಾಳದ ಮೇಲೆ ಗೂಡು ಕಟ್ಟುವ ಈ ಹಕ್ಕಿ ಶುಭಶಕುನವೆಂದು ಜನರ ನಂಬಿಕೆ. 1970ರ ದಶಕದಲ್ಲಿ ಇಡೀ ಪ್ರಾಂತ್ಯದಲ್ಲಿ ಹತ್ತು ಜೋಡಿಯೂ ಉಳಿದಿರಲಿಲ್ಲ. ಕೇಂದ್ರದ ಪ್ರಯತ್ನದಿಂದ ಈಗ ನೂರಾರು ಜೋಡಿಗಳಾಗಿವೆ. ಮದ್ದೂರಿನ ಬಳಿಯ ಕೊಕ್ಕರೆಬೆಳ್ಳೂರನ್ನು ಬಲ್ಲವರಿಗೆ ಈ ಸಂತೋಷ ಅರ್ಥವಾದೀತು.

ರಿಕ್ವೀರ್ ಈ ಮಾರ್ಗದ ಅತಿ ಪ್ರಸಿದ್ಧ ಗ್ರಾಮ. 1291ರಲ್ಲಿ ಕಟ್ಟಿದ ಕಾವಲು ಗೋಪುರ, ಹದಿನಾರನೆಯ ಶತಮಾನದ ಮರದ ತೊಲೆಯ ಮನೆಗಳು, ಕಿಟಕಿಕಿಟಕಿಗೆ ಹೂವಿನ ಕುಂಡಗಳು ಎಲ್ಲವೂ ಚಿತ್ರದಲ್ಲಿ ಬಿಡಿಸಿಟ್ಟಂತೆ. ಚೆಲುವಿನಲ್ಲಿ ಕೊರತೆಯಿಲ್ಲ. ಆದರೆ ಹೆಜ್ಜೆಗೊಂದು ಅಂಗಡಿ, ಬಾಗಿಲಿಗೊಂದು ರುಚಿನೋಡುವ ಮೇಜು. ಊರಿನ ಬದುಕು ಬೆಳಗಿನ ಎಂಟು ಗಂಟೆಗೆ ಮುನ್ನ ಮಾತ್ರ ಕಾಣಸಿಗುತ್ತದೆ. ನಾವು ಅಲ್ಲಿ ಹೆಚ್ಚು ಹೊತ್ತು ನಿಲ್ಲಲಿಲ್ಲ.

ಅಲ್ಲಿಂದ ಕೂಗಳತೆಯಲ್ಲಿರುವ ಮಿಟೆಲ್‌ವೀರ್, ಬೆನ್‌ವೀರ್, ಸಿಗೋಲ್ಸ್‌ಹೈಮ್ ಎಂಬ ಹಳ್ಳಿಗಳಿಗೆ ಬಂದೊಡನೆ ಹಳೆಯ ಮನೆಗಳೇ ಇಲ್ಲದಿರುವುದು ಕಣ್ಣಿಗೆ ಹೊಡೆಯುತ್ತದೆ. ಚರ್ಚು ಹೊಸದು, ಮನೆಗಳು ಹೊಸವು. 1944ರ ಡಿಸೆಂಬರಿನಿಂದ ಮರುವರ್ಷದ ಮೊದಲ ವಾರಗಳವರೆಗೆ ಕೋಲ್ಮಾರಿನ ಸುತ್ತ ನಡೆದ ಘೋರ ಯುದ್ಧದಲ್ಲಿ ಈ ಹಳ್ಳಿಗಳು ನೆಲಸಮವಾದವು. ಗುಂಡು ತಾಗದೆ ಉಳಿದದ್ದು ರಿಕ್ವೀರ್. ಎರಡು ಊರುಗಳ ನಡುವೆ ಒಂದೆರಡು ಮೈಲಿ ದಾರಿ, ಅಷ್ಟೇ. ಪ್ರವಾಸಿಗರ ಕಾರುಗಳು ಉಳಿದ ಊರಿನ ಮುಂದೆ ಸಾಲುಗಟ್ಟುತ್ತವೆ. ಅಳಿದ ಊರುಗಳಲ್ಲಿ ಬ್ರೇಕು ಕೂಡ ಹಾಕದೆ ಸಾಗುತ್ತವೆ. ನಾವು ನಿಲ್ಲಿಸಹೇಳಿದೆವು.

ಮಿಟೆಲ್‌ವೀರಿನಲ್ಲಿ ರಸ್ತೆಯ ಬದಿಗೆ ಒಂದು ಗೋಡೆಯ ಸ್ಮಾರಕವಿದೆ. ಫ್ರಾನ್ಸಿನ ಹೆಸರೆತ್ತುವುದೇ ಅಪರಾಧವಾಗಿದ್ದ ಹಿಟ್ಲರನ ಆಳಿಕೆಯಲ್ಲಿ ಊರಿನವರು ಆ ಗೋಡೆಯ ಮೇಲೆ ನೀಲಿ, ಬಿಳಿ, ಕೆಂಪು ಹೂಗಳನ್ನು ಬೆಳೆಸಿದರು. ಅವು ಫ್ರಾನ್ಸಿನ ಧ್ವಜದ ಬಣ್ಣಗಳು. ಆಡಲಾಗದ ಮಾತನ್ನು ಗಿಡಗಳ ಬಾಯಿಂದ ಆಡಿಸಿದ್ದರು. ‘ಹುತಾತ್ಮ ಹೂಗಳ ಗೋಡೆ’ ಎಂದು ಅದಕ್ಕೆ ಹೆಸರು. ನಮ್ಮ ತಾಯಿಯವರು ಮಗನಿಂದ ಕಥೆಯನ್ನೆಲ್ಲ ಕೇಳಿಸಿಕೊಂಡು ತುಸು ಹೊತ್ತು ಅಲ್ಲಿಯೇ ನಿಂತಿದ್ದರು.

ಸಿಗೋಲ್ಸ್‌ಹೈಮಿನ ಮೇಲಣ ಗುಡ್ಡದಲ್ಲಿ ದ್ರಾಕ್ಷಿ ತೋಟದ ನೆತ್ತಿಯ ಮೇಲೆಯೇ ಸೈನಿಕರ ರುದ್ರಭೂಮಿಯಿದೆ. ಸಾವಿರದ ಐದುನೂರಕ್ಕೂ ಹೆಚ್ಚು ಸಮಾಧಿಗಳು. ಶಿಲುಬೆಗಳ ಸಾಲಿನ ಪಕ್ಕದಲ್ಲಿ ಉತ್ತರ ಆಫ್ರಿಕಾದಿಂದ ಬಂದು ಮಡಿದ ಮುಸಲ್ಮಾನ ಯೋಧರ ಸಮಾಧಿಗಳು, ಯೆಹೂದ್ಯರ ಸಮಾಧಿಗಳು. ಆ ಗುಡ್ಡಕ್ಕೆ ಜನ ‘ರಕ್ತದ ಗುಡ್ಡ’ ಎಂದು ಹೆಸರಿಟ್ಟಿದ್ದಾರೆ. ಅಲ್ಲಿ ಹೂತವರಿಗಿಂತ ದುರ್ದೈವಿಗಳೂ ಇದ್ದರು. 1942ರಲ್ಲಿ ಹಿಟ್ಲರನ ಸರಕಾರವು ಅಲ್ಸಾಸ್ ಮತ್ತು ನೆರೆಯ ಮೊಸೆಲ್ ಪ್ರದೇಶದ ತರುಣರನ್ನು ಬಲವಂತದಿಂದ ತನ್ನ ಸೈನ್ಯಕ್ಕೆ ಎಳೆದುಕೊಂಡಿತು. ಒಟ್ಟು ಸುಮಾರು 1,30,000 ಮಂದಿ. ತಪ್ಪಿಸಿಕೊಂಡರೆ ಮನೆಯವರಿಗೆ ಶಿಕ್ಷೆ. ಬಹುಪಾಲು ಮಂದಿಯನ್ನು ರಷ್ಯದ ರಣರಂಗಕ್ಕೆ ಕಳುಹಿಸಿದರು. ಮೂವತ್ತು ಸಾವಿರಕ್ಕೂ ಹೆಚ್ಚು ಮಂದಿ ಮರಳಲಿಲ್ಲ. ಮರಳಿದವರನ್ನು, ಶತ್ರುವಿನ ಸಮವಸ್ತ್ರ ತೊಟ್ಟವರೆಂದು ಸ್ವದೇಶವೇ ಸಂಶಯದಿಂದ ನೋಡಿತು. ‘ನಮ್ಮ ಇಚ್ಛೆಗೆ ವಿರೋಧವಾಗಿ’ ಎಂಬರ್ಥದ ‘ಮಾಲ್ಗ್ರೆ ನೂ’ ಎಂಬ ಹೆಸರು ಅವರಿಗೆ ಅಂಟಿಕೊಂಡಿತು. ಹಳ್ಳಿಹಳ್ಳಿಯ ಸ್ಮಾರಕಶಿಲೆಗಳ ಮೇಲೆ ಸತ್ತವರ ಹೆಸರುಗಳಿವೆ. ಯಾವ ದೇಶಕ್ಕಾಗಿ ಸತ್ತರೆಂಬುದನ್ನು ಬರೆಯುವುದು ಕಷ್ಟವೆಂದು ಅನೇಕ ಶಿಲೆಗಳ ಮೇಲೆ ‘ನಮ್ಮ ಮೃತರಿಗೆ’ ಎಂದಷ್ಟೇ ಕೆತ್ತಿದ್ದಾರೆ.

ಕೈಸರ್ಸ್‌ಬೆರ್ಗ್ ಎಂಬ ಊರಿನಲ್ಲಿ 1875ರ ಜನವರಿ 14ರಂದು ಆಲ್ಬರ್ಟ್ ಶ್ವೈಟ್ಜರ್ ಜನಿಸಿದರು. ಧರ್ಮಶಾಸ್ತ್ರ, ಸಂಗೀತಗಳಲ್ಲಿ ಯುರೋಪೆಲ್ಲ ಮೆಚ್ಚಿದ ವಿದ್ವಾಂಸರಾಗಿದ್ದು, ಮೂವತ್ತರ ವಯಸ್ಸಿನಲ್ಲಿ ಪುನಃ ವಿದ್ಯಾರ್ಥಿಯಾಗಿ ವೈದ್ಯವನ್ನು ಕಲಿತು, 1913ರಲ್ಲಿ ಆಫ್ರಿಕಾದ ಲಾಂಬರೇನೆಗೆ ಹೋಗಿ ಕಾಡಿನ ನಡುವೆ ಆಸ್ಪತ್ರೆ ಕಟ್ಟಿದ ಈ ಮಹಾಪುರುಷರಿಗೆ 1952ನೆಯ ಸಾಲಿನ ನೊಬೆಲ್ ಶಾಂತಿ ಪಾರಿತೋಷಕ ದೊರೆಯಿತು. ಅಲ್ಸಾಸ್ ಜರ್ಮನಿಯದಾಗಿದ್ದಾಗ ಹುಟ್ಟಿದ್ದರಿಂದ ಜರ್ಮನ್ ಪ್ರಜೆ. ಆಫ್ರಿಕಾದಲ್ಲಿ ಫ್ರೆಂಚರ ಕಣ್ಣಿಗೆ ಶತ್ರು. ರೋಗಿಗಳ ಸೇವೆಯಲ್ಲಿದ್ದವರನ್ನು ಮೊದಲ ಮಹಾಯುದ್ಧದಲ್ಲಿ ಬಂಧಿಸಿ ಕಡೆಗೆ ಫ್ರಾನ್ಸಿನ ಶಿಬಿರದಲ್ಲಿ ಇರಿಸಿದರು. ಯುದ್ಧ ಮುಗಿದು ನಾಡು ಕೈ ಬದಲಾದಾಗ ಅವರೇ ಫ್ರೆಂಚ್ ಪ್ರಜೆಯಾದರು! ಸಕಲ ಜೀವಗಳಲ್ಲಿ ಪೂಜ್ಯಭಾವ ಎಂಬ ತತ್ತ್ವವು 1915ರಲ್ಲಿ ಆಫ್ರಿಕಾದ ನದಿಯೊಂದರಲ್ಲಿ ದೋಣಿಯ ಮೇಲೆ ಹೋಗುತ್ತಿದ್ದಾಗ ಅವರಿಗೆ ಹೊಳೆಯಿತು. ದಯೆಯನ್ನೇ ಧರ್ಮದ ಮೂಲವೆಂದು ನಂಬಿದ ನಮಗೆ ಅವರು ಹೊರಗಿನವರಲ್ಲ.

ಆದರೆ ಒಂದು ವಿಷಯದಲ್ಲಿ ಅವರೊಡನೆ ನಮಗೆ ತಕರಾರುಂಟು. 1930ರ ದಶಕದಲ್ಲಿ ಭಾರತೀಯ ಚಿಂತನೆಯನ್ನು ಕುರಿತು ಅವರು ಬರೆದ ಗ್ರಂಥದ ಮುಖ್ಯ ವಾದವೆಂದರೆ ನಮ್ಮ ದೇಶದ ತತ್ತ್ವಜ್ಞಾನವು ಬಹುಮಟ್ಟಿಗೆ ಜಗತ್ತನ್ನೂ ಬಾಳನ್ನೂ ನಿರಾಕರಿಸುವುದು ಎಂಬುದು. ತಮಿಳಿನ ಕುರಳನ್ನು ಅವರು ಮನಸಾರೆ ಮೆಚ್ಚಿದ್ದಾರೆ. ಪಕ್ಕದ ಕನ್ನಡದ ವಚನಗಳು ಅವರ ವಿಚಾರಣೆಯ ಪರಿಧಿಗೆ ಬಂದಂತಿಲ್ಲ. ಬಂದಿದ್ದರೆ, ಮೈಬಗ್ಗಿಸಿ ದುಡಿಯುವುದನ್ನೇ ಪೂಜೆಯೆಂದೂ ದುಡಿದುದನ್ನು ಹಂಚಿ ಉಣ್ಣುವುದನ್ನೇ ಪ್ರಸಾದವೆಂದೂ ಬಗೆದ ಶರಣರನ್ನು ಯಾವ ಕಡೆ ಸೇರಿಸುತ್ತಿದ್ದರು? ಲಾಂಬರೇನೆಯಲ್ಲಿ ಅವರು ಸ್ವತಃ ಬದುಕಿದ ಬಾಳು ನಮ್ಮ ಜಂಗಮ ದಾಸೋಹಕ್ಕೆ ಹತ್ತಿರವಾದುದೇ ಹೊರತು ದೂರವಾದುದಲ್ಲ. ಅವರ ಬಾಲ್ಯ ಕಳೆದ ಗುನ್ಸ್‌ಬಾಕ್ ಗ್ರಾಮದಲ್ಲಿರುವ ಅವರ ಮನೆ ಇಂದು ವಸ್ತುಸಂಗ್ರಹಾಲಯ. ಸಮಯವಿದ್ದವರು ಗುಡ್ಡ ದಾಟಿ ಹೋಗಿ ಬರಬೇಕು.

ಕೋಲ್ಮಾರ್ ಪಟ್ಟಣದಲ್ಲಿ ಕಾಲುವೆ, ಬಣ್ಣದ ಮನೆಗಳು, ಹೂವು ಇವನ್ನು ನೋಡಲು ಜನ ಮುಗಿಬೀಳುತ್ತಾರೆ. ನ್ಯೂಯಾರ್ಕಿನ ಸ್ವಾತಂತ್ರ್ಯ ದೇವತೆಯ ಶಿಲ್ಪಿ ಬಾರ್ತೊಲ್ಡಿ 1834ರಲ್ಲಿ ಹುಟ್ಟಿದ್ದು ಇಲ್ಲಿಯೇ. ನಾವು ನೋಡಹೋದದ್ದು ಹಳೆಯ ಸಂನ್ಯಾಸಿನಿಯರ ಮಠವಾಗಿದ್ದ ಊಂಟರ್‌ಲಿಂಡನ್ ಸಂಗ್ರಹಾಲಯದ ಒಂದು ಪೂಜಾಪೀಠದ ಚಿತ್ರಮಾಲೆಯನ್ನು. ಈಸನ್‌ಹೈಮ್ ಎಂಬ ಊರಿನ ಮಠಕ್ಕಾಗಿ ಗ್ರ್ಯೂನೆವಾಲ್ಡ್ ಎಂಬ ಚಿತ್ರಕಾರ 1512ರಿಂದ 1516ರವರೆಗೆ ಬರೆದದ್ದು. ರೈ ಧಾನ್ಯದ ತೆನೆಗೆ ಹತ್ತುವ ಒಂದು ಬಗೆಯ ಬೂಷ್ಟು ಹಿಟ್ಟಿನಲ್ಲಿ ಸೇರಿ, ಉಂಡವರ ಕೈಕಾಲು ಬೆಂಕಿಯಲ್ಲಿಟ್ಟಂತೆ ಉರಿದು ಕಪ್ಪಾಗಿ ಕಳಚಿಬೀಳುತ್ತಿದ್ದ ರೋಗಿಗಳನ್ನು ಆ ಮಠದ ಸಂನ್ಯಾಸಿಗಳು ಸಾಕಿ ಸಲಹುತ್ತಿದ್ದರು. ನಮ್ಮ ಸಜ್ಜೆಗೂ ಇಂಥದೇ ರೋಗ ಬೀಳುವುದುಂಟು. ಶಿಲುಬೆಯ ಮೇಲಿನ ಕ್ರಿಸ್ತನ ಮೈತುಂಬ ಹುಣ್ಣುಗಳನ್ನು ಬರೆದು, ದೇವರೂ ನಿಮ್ಮಂತೆಯೇ ನೊಂದವನು ಎಂದು ರೋಗಿಗಳಿಗೆ ತೋರಿಸಿದ ಚಿತ್ರವದು. ನೋಡಲು ಸುಲಭವಲ್ಲ, ಎಳೆಯ ಮಕ್ಕಳನ್ನು ಹೊರಗೆ ನಿಲ್ಲಿಸುವುದು ಲೇಸು. ಕೋಲ್ಮಾರಿನ ದಕ್ಷಿಣಕ್ಕೆ ಎಗಿಷೈಮ್. ಬಳೆಯೊಳಗೆ ಬಳೆಯಿಟ್ಟಂತೆ ವರ್ತುಲಾಕಾರದ ಬೀದಿಗಳ ಹಳ್ಳಿ. ಅರ್ಧ ಗಂಟೆ ಸಾಕು.

ಈಗ ಊಟದ ಮಾತು, ಏಕೆಂದರೆ ನಮ್ಮ ಮನೆಗಳವರಿಗೆ ನಿಜವಾದ ಕಷ್ಟ ಮದ್ಯದ್ದಲ್ಲ, ಊಟದ್ದು. ಅಲ್ಲಿಯ ಪ್ರಸಿದ್ಧ ಹುಳಿ ಕೋಸಿನ ಅಡಿಗೆ ಮಾಂಸದೊಡನೆಯೇ ಬರುತ್ತದೆ. ಕೋಸನ್ನು ಬೇಯಿಸುವುದೂ ದ್ರಾಕ್ಷಾರಸದಲ್ಲಿ. ತೆಳು ರೊಟ್ಟಿಯಂತಹ ‘ತಾರ್ತ್ ಫ್ಲಾಂಬೆ’ಯ ಮೇಲೆ ಈರುಳ್ಳಿ, ಕೆನೆಯೊಡನೆ ಹಂದಿಮಾಂಸದ ಚೂರುಗಳನ್ನು ಹಾಕುತ್ತಾರೆ, ಮಾಂಸವಿಲ್ಲದೆ ಬೇಕೆಂದು ಮೊದಲೇ ಹೇಳಿದರೆ ಹಾಗೆಯೇ ಸುಟ್ಟುಕೊಡುತ್ತಾರೆ. ಗಿಣ್ಣಿಗೆ ಕರುವಿನ ಜಠರದಿಂದ ತೆಗೆದ ಹೆಪ್ಪು ಹಾಕುವುದು ಅಲ್ಲಿ ವಾಡಿಕೆ. ‘ಕೂಗೆಲ್‌ಹಾಪ್’ ಎಂಬ ಸಿಹಿರೊಟ್ಟಿಯಲ್ಲಿ ಮೊಟ್ಟೆಯಿರುತ್ತದೆ; ಅದರ ಒಣದ್ರಾಕ್ಷಿಯನ್ನು ಮದ್ಯದಲ್ಲಿ ನೆನೆಸುವುದೂ ಉಂಟು. ಉಪ್ಪಿನ ಹರಳು ಹಚ್ಚಿದ ‘ಬ್ರೆಟ್ಸೆಲ್’, ಹಣ್ಣು, ಹುಳಿಯೇರದ ದ್ರಾಕ್ಷಿ ರಸ ಇವು ಎಲ್ಲೆಡೆ ದೊರೆಯುತ್ತವೆ. ಊರಿನಿಂದ ಕಟಕ ರೊಟ್ಟಿ, ಶೇಂಗಾ ಹಿಂಡಿ, ಅವಲಕ್ಕಿ ಒಯ್ದವರು ಸುಖವಾಗಿದ್ದಾರು. ಆದರೆ ಹೊರದೇಶದಿಂದ ಹಾಲಿನ ಪದಾರ್ಥಗಳನ್ನು ತರುವುದನ್ನು ಯುರೋಪಿನ ಒಕ್ಕೂಟ ನಿಷೇಧಿಸಿದೆ; ತುಪ್ಪವನ್ನಾಗಲಿ ಧಾರವಾಡದ ಪೇಢೆಯನ್ನಾಗಲಿ ಪೆಟ್ಟಿಗೆಯಲ್ಲಿಟ್ಟು ವಿಮಾನ ನಿಲ್ದಾಣದಲ್ಲಿ ಕಳೆದುಕೊಳ್ಳಬಾರದು.

ಅಲ್ಲಿ ವಾಹನಗಳು ರಸ್ತೆಯ ಬಲಬದಿಗೆ ಓಡುತ್ತವೆ. ಭಾರತದ ಪರವಾನಗಿ ಉಳ್ಳವರು ನಮ್ಮ ಪ್ರಾದೇಶಿಕ ಸಾರಿಗೆ ಕಚೇರಿಯಿಂದ ಅಂತರರಾಷ್ಟ್ರೀಯ ಪರವಾನಗಿಯನ್ನೂ ಪಡೆದು ಹೋಗಬೇಕು. ಹಳ್ಳಿಗಳ ಹಳೆಯ ಬೀದಿಗಳಲ್ಲಿ ಕಾರಿಗೆ ಪ್ರವೇಶವಿರುವುದಿಲ್ಲ. ಹೊರಗೆ ನಿಲ್ಲಿಸಿ ಕಲ್ಲುಹಾಸಿನ ಮೇಲೆ ನಡೆಯಬೇಕಾದ್ದರಿಂದ ಮೊಣಕಾಲು ನೋವಿರುವ ಹಿರಿಯರಿಗೆ ಊರುಗೋಲು ಇರಲಿ. ಕುಡಿದು ಓಡಿಸುವವರನ್ನು ಪೊಲೀಸರು ಬಿಡುವುದಿಲ್ಲ. ರುಚಿನೋಡುವ ಆಮಿಷದ ನಡುವೆ ಕಾರು ಓಡಿಸುವವರು ಯಾರೆಂಬ ಚರ್ಚೆ ಪ್ರತಿ ಗುಂಪಿನಲ್ಲಿಯೂ ನಡೆಯುವುದನ್ನು ಕಂಡೆವು. ನಮ್ಮ ಕಾರಿನಲ್ಲಿ ಆ ಚರ್ಚೆಗೆ ಅವಕಾಶವಿರಲಿಲ್ಲ.

ದ್ರಾಕ್ಷಿ ಮಾರ್ಗವು ತಾನ್ ಊರಿನಲ್ಲಿ ಮುಗಿಯುತ್ತದೆ. ಅಲ್ಲಿಂದ ಒಂದು ಗಂಟೆಯೊಳಗೆ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರ. ಹೆದ್ದಾರಿಗೆ ಆ ದೇಶದವರು ಕೊಡುವ ವಾರ್ಷಿಕ ಶುಲ್ಕದ ಚೀಟಿ ಪಡೆಯಬೇಕು. ವೀಸಾ ಬೇರೆ ಬೇಕಿಲ್ಲ. ಕನ್ನಡಿಗರಾದವರು ಇಷ್ಟು ದೂರ ಬಂದು ಈ ನಗರವನ್ನು ಬಿಡಬಾರದು. 1815ರಲ್ಲಿ ಇಲ್ಲಿ ಸ್ಥಾಪಿತವಾದ ಬಾಸೆಲ್ ಮಿಷನ್ನಿನ ಮೊದಲ ಪಾದ್ರಿಗಳು 1834ರಲ್ಲಿ ಮಂಗಳೂರಿಗೆ ಬಂದರು. ಕಿಟ್ಟೆಲ್ ಇಲ್ಲಿ ತರಬೇತಿ ಪಡೆದು ಬಂದು 1894ರಲ್ಲಿ ಸುಮಾರು 70,000 ಶಬ್ದಗಳ ಕನ್ನಡ ನಿಘಂಟನ್ನು ಪ್ರಕಟಿಸಿದರು. 1843ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಆರಂಭಿಸಿದ ಹರ್ಮನ್ ಮೋಗ್ಲಿಂಗ್ ಇಲ್ಲಿಂದ ಬಂದವರು. 1848ರಿಂದ ಮೋಗ್ಲಿಂಗ್ ಹೊರತಂದ ‘ಬಿಬ್ಲಿಯೋಥೆಕಾ ಕರ್ನಾಟಿಕಾ’ ಎಂಬ ಕನ್ನಡ ಗ್ರಂಥಮಾಲೆಯಲ್ಲಿ ಬಸವಪುರಾಣ, ಚೆನ್ನಬಸವಪುರಾಣಗಳು ಕಲ್ಲಚ್ಚಿನಲ್ಲಿ ಅಚ್ಚಾದವು. ಮುಂದೆ ಅದೇ ಮಿಷನ್ನಿನ ವುರ್ತ್ ಎಂಬ ಪಾದ್ರಿ 1860ರ ದಶಕದಲ್ಲಿ ಬಸವಪುರಾಣವನ್ನು ಇಂಗ್ಲಿಷಿಗೆ ತಂದರು. ಅವರೆಲ್ಲ ಬಂದದ್ದು ನಮ್ಮನ್ನು ಮತಾಂತರಿಸಲೆಂದು. ಇದನ್ನು ಮುಚ್ಚಿಡುವ ಅಗತ್ಯವಿಲ್ಲ, ಅವರೂ ಮುಚ್ಚಿಟ್ಟಿರಲಿಲ್ಲ. ನಮ್ಮ ಧರ್ಮವನ್ನು ಖಂಡಿಸಲು ಮೊದಲು ಓದಿದರು, ಓದಲು ಗ್ರಂಥಗಳನ್ನು ಅರಸಿದರು, ಅರಸಿದ ಗ್ರಂಥಗಳನ್ನು ಅಚ್ಚು ಹಾಕಿದರು. ಹಳಕಟ್ಟಿಯವರಿಗೆ ಮುಕ್ಕಾಲು ಶತಮಾನ ಮುಂಚಿತವಾಗಿ ಬಸವಣ್ಣನವರ ಚರಿತ್ರೆ ಹೀಗೆ ಅಚ್ಚಿನ ಮುಖ ಕಂಡಿತು. ನಮ್ಮ ಮಠಗಳು ಆಗ ತಾಡೋಲೆಗಳನ್ನು ಬಟ್ಟೆಯಲ್ಲಿ ಸುತ್ತಿ ಪೂಜಿಸುತ್ತಿದ್ದವೆಂಬುದನ್ನು ಮಠದಲ್ಲಿಯೇ ಬೆಳೆದ ನಾವು ಹೇಳಿದರೆ ಯಾರೂ ತಪ್ಪು ತಿಳಿಯಲಾರರು.

ಮಿಷನ್ನಿನ ಮನೆ ಇಂದಿಗೂ ಬಾಸೆಲಿನಲ್ಲಿದೆ. 2001ರಿಂದ ‘ಮಿಷನ್ 21’ ಎಂಬ ಸಂಸ್ಥೆ ಅದರ ಕಾರ್ಯವನ್ನು ಮುಂದುವರಿಸಿದೆ. ಅಲ್ಲಿಯ ದಾಖಲಾಗಾರದಲ್ಲಿ ಕರ್ನಾಟಕದಿಂದ ಪಾದ್ರಿಗಳು ಬರೆದ ಪತ್ರಗಳೂ ವರದಿಗಳೂ ಹಳೆಯ ಛಾಯಾಚಿತ್ರಗಳೂ ಇವೆ. ಸಂಶೋಧನೆಯ ಉದ್ದೇಶವುಳ್ಳವರು ಮುಂಚಿತವಾಗಿ ಬರೆದು ತಿಳಿಸಿ ಹೋಗಬೇಕು.

ಸ್ಟುಟ್‌ಗಾರ್ಟಿಗೆ ಮರಳುವವರಿಗೆ ಇನ್ನೊಂದು ಊರಿದೆ. ಆ ನಗರದ ಉತ್ತರಕ್ಕೆ ಸುಮಾರು 40 ಕಿಲೋಮೀಟರ್ ದೂರದ ಬ್ರಾಕನ್‌ಹೈಮ್‌ನಲ್ಲಿ 1811ರಲ್ಲಿ ಮೋಗ್ಲಿಂಗ್ ಜನಿಸಿದರು. ಬಸವಪುರಾಣವನ್ನು ಮೊದಲಿಗೆ ಅಚ್ಚಿಗೆ ತಂದವರ ಆ ಊರಿನ ಸುತ್ತಲೂ ದ್ರಾಕ್ಷಿ ತೋಟಗಳೇ. ನಾವು ಹೋದ ಸಂಜೆ ಅಲ್ಲಿಯೂ ಕೊಯ್ಲು ನಡೆದಿತ್ತು.